ಅನಿರೀಕ್ಷಿತ ಗರ್ಭ: ಗೋವಾದಲ್ಲಿರುವ ಕನ್ನಡಿಗ ಕುಟುಂಬಗಳು ತಿಳಿದಿರಬೇಕಾದ ಕಾನೂನು, ಆರೋಗ್ಯದ ವಿಷಯಗಳು

ವಾಸ್ಕೋ, ಝುವಾರಿ ನಗರ, ಮಡಗಾಂವ್, ಮಾಪ್ಸಾ ಕಡೆಗಳಲ್ಲಿ ವ್ಯಾಪಾರ, ಹೋಟೆಲ್, ಕಟ್ಟಡ ಕೆಲಸ ಅಂತ ನೆಲೆಸಿರುವ ಕನ್ನಡಿಗರು ಸಾಕಷ್ಟಿದ್ದಾರೆ. ಊರಿನ ಹಿರಿಯರು, ಪರಿಚಯದ ಡಾಕ್ಟರು ಹತ್ತಿರ ಇಲ್ಲದ ಕಡೆ ಯೋಚಿಸದೇ ಗರ್ಭ ನಿಂತರೆ ಮನೆಯವರು ಗಾಬರಿಯಾಗೋದು ಸಹಜ. ಆ ಗಾಬರಿಯಲ್ಲಿ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗುವುದು, ಇಲ್ಲವೇ ಯಾರಿಗೂ ಹೇಳದೆ ದಿನ ದೂಡುವುದು ನಡೆಯುತ್ತದೆ. ಎರಡೂ ಅಪಾಯ.

ಮೊದಲು ದಿನದ ಲೆಕ್ಕ

ಮುಟ್ಟು ತಪ್ಪಿದ ಕೂಡಲೇ ಮೂತ್ರ ಪರೀಕ್ಷೆಯ ಕಾರ್ಡ್‌ನಿಂದ ಮನೆಯಲ್ಲೇ ನೋಡಬಹುದು. ಎರಡು ಗೆರೆ ಬಂದರೆ ಡಾಕ್ಟರ ಹತ್ತಿರ ಹೋಗಿ ಸ್ಕ್ಯಾನಿಂಗ್ ಮಾಡಿಸಬೇಕು. ಗರ್ಭದ ವಾರಗಳನ್ನು ಡಾಕ್ಟರು ಲೆಕ್ಕ ಹಾಕೋದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಗರ್ಭ ನಿಂತ ದಿನದಿಂದಲ್ಲ. ಈ ಎರಡು ಲೆಕ್ಕಗಳ ನಡುವೆ ಸುಮಾರು ಎರಡು ವಾರ ವ್ಯತ್ಯಾಸ ಬರ್ತದೆ.

ಗರ್ಭ ಗರ್ಭಕೋಶದ ಒಳಗೇ ಇದೆಯಾ, ನಾಳದಲ್ಲಿ ನಿಂತಿದೆಯಾ ಅಂತ ತಿಳಿಯೋದೂ ಸ್ಕ್ಯಾನಿಂಗ್‌ನಿಂದಲೇ. ನಾಳದ ಗರ್ಭ ಒಡೆದರೆ ಒಳಗೇ ರಕ್ತಸ್ರಾವವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಗರ್ಭಪಾತದ ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ.

ಒಂದು: ಮಗುವನ್ನು ಉಳಿಸಿಕೊಳ್ಳುವುದು

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಶುಗರ್, ಬಿಪಿ ಪರೀಕ್ಷೆ ಆಗಬೇಕು. ಫೋಲಿಕ್ ಆಸಿಡ್ ಮಾತ್ರೆ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರ್ತದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ ಉಚಿತ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ ಸಿಗ್ತದೆ. ಎರಡನೆಯದು ಹೆಣ್ಣಾದರೆ 6,000.

ಗೋವಾದಲ್ಲಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು, ಮಾಪ್ಸಾದ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆ, ಮಡಗಾಂವ್‌ನ ದಕ್ಷಿಣ ಗೋವಾ ಜಿಲ್ಲಾ ಆಸ್ಪತ್ರೆ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಆಧಾರ್, ವಾಸದ ದಾಖಲೆ, ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಬೇಕು.

ಎರಡು: ಕಾನೂನುಬದ್ಧ ಗರ್ಭಪಾತ

ಇದಕ್ಕೆ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ. 2021ರ ತಿದ್ದುಪಡಿಯ ನಂತರ ನಿಯಮ ಹೀಗಿದೆ:

* 20 ವಾರದವರೆಗೆ ಒಬ್ಬ ನೋಂದಾಯಿತ ಡಾಕ್ಟರ ಅಭಿಪ್ರಾಯ ಸಾಕು. ತಾಯಿಯ ದೇಹ, ಮನಸ್ಸಿನ ಆರೋಗ್ಯಕ್ಕೆ ಗಂಭೀರ ತೊಂದರೆ, ಮಗುವಿನಲ್ಲಿ ಗಂಭೀರ ದೋಷ ಇವು ಕಾರಣಗಳು. ಗರ್ಭನಿರೋಧಕ ವಿಫಲವಾದದ್ದನ್ನೂ ಕಾನೂನು ಒಪ್ಪುತ್ತದೆ.
* 20ರಿಂದ 24 ವಾರದವರೆಗೆ ಇಬ್ಬರು ಡಾಕ್ಟರು ಒಪ್ಪಬೇಕು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭದ ಸಮಯದಲ್ಲಿ ವಿಧವೆಯಾದವರು ಅಥವಾ ತಲಾಖ್ ಆದವರು, ಅಂಗವಿಕಲ ಮಹಿಳೆಯರು ಇದರಲ್ಲಿ ಬರ್ತಾರೆ. ಅವಿವಾಹಿತೆಯರಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ.
* 24 ವಾರ ದಾಟಿದ ಮೇಲೆ ಮಗುವಿನಲ್ಲಿ ಗಂಭೀರ ದೋಷ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಬೇಕು. ತಾಯಿಯ ಪ್ರಾಣ ಉಳಿಸಲು ತುರ್ತಾಗಿ ಮಾಡಬೇಕಾದರೆ ವಾರದ ಮಿತಿ ಇಲ್ಲ.

18 ದಾಟಿದವಳಾದರೆ ಅವಳೊಬ್ಬಳ ಲಿಖಿತ ಒಪ್ಪಿಗೆ ಸಾಕು. ಗಂಡನ ಅಥವಾ ಅತ್ತೆ ಮಾವನ ಸಹಿ ಕಾನೂನು ಕೇಳುವುದಿಲ್ಲ. ಅವಳ ಒಪ್ಪಿಗೆ ಇಲ್ಲದೆ ಗರ್ಭ ತೆಗೆಸುವುದು ಜೀವಾವಧಿವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಹೆಸರು, ವಿವರವನ್ನು ಡಾಕ್ಟರು ಗುಟ್ಟಾಗಿಡಬೇಕು, ತಪ್ಪಿದರೆ ಒಂದು ವರ್ಷದವರೆಗೆ ಜೈಲು. 18ರ ಕೆಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ಅಲ್ಲಿ ಪೋಕ್ಸೋ ಕಾಯ್ದೆಯೂ ಬರುತ್ತದೆ. ಮಗು ಗಂಡೋ ಹೆಣ್ಣೋ ಅಂತ ಪತ್ತೆ ಮಾಡಿಸುವುದು ಸಂಪೂರ್ಣ ಕಾನೂನುಬಾಹಿರ.

ಮಾತ್ರೆ ಬಗ್ಗೆ ಎಚ್ಚರ

ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ಮಾತ್ರೆಗಳಿಗೆ ನಮ್ಮ ದೇಶದಲ್ಲಿ 9 ವಾರದವರೆಗೆ ಮಾತ್ರ ಅನುಮತಿ, ಅದೂ ಡಾಕ್ಟರ ಚೀಟಿಯ ಮೇಲೆ. ತೀವ್ರ ರಕ್ತಹೀನತೆ, ರಕ್ತಸ್ರಾವದ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಅಥವಾ ದೀರ್ಘಕಾಲ ಸ್ಟಿರಾಯ್ಡ್ ಔಷಧಿ ತಿನ್ನುವವರು ಇವನ್ನು ತೆಗೆದುಕೊಳ್ಳಬಾರದು. ಕಾಪರ್ ಟಿ ಇದ್ದರೆ ಮೊದಲು ತೆಗೆಸಬೇಕು. ಹೆಚ್ಚು ವಾರವಾಗಿದ್ದರೆ ಆಸ್ಪತ್ರೆಯಲ್ಲಿ ಬೇರೆ ವಿಧಾನಗಳಿವೆ. ರಕ್ತದ ಗುಂಪು ನೆಗೆಟಿವ್ ಇದ್ದವರು ಆಂಟಿ ಡಿ ಇಂಜೆಕ್ಷನ್ ಬೇಕಾ ಅಂತ ಕೇಳಬೇಕು.

ಮಾತ್ರೆ ತೆಗೆದುಕೊಂಡ ಮೇಲೆ ಈ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು: ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ಒದ್ದೆಯಾಗುವಷ್ಟು ರಕ್ತ, ತಡೆಯಲಾಗದ ಹೊಟ್ಟೆನೋವು, ಭುಜದ ತುದಿ ನೋವು, ತಲೆಸುತ್ತಿ ಬೀಳುವುದು, ಜ್ವರ, ದುರ್ವಾಸನೆಯ ಸ್ರಾವ. ಮಾತ್ರೆ ನುಂಗಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬಾರದು. ಎಲ್ಲ ಸರಿ ಅನ್ನಿಸಿದರೂ ಎರಡು ವಾರದಲ್ಲಿ ಮತ್ತೆ ತೋರಿಸಬೇಕು.

72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಗರ್ಭನಿರೋಧಕ ಮಾತ್ರೆಯೇ ಬೇರೆ. ಅದು ಗರ್ಭ ನಿಲ್ಲದಂತೆ ತಡೆಯಲು ಇರುವುದು. ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ.

ಮೂರು: ಮಗುವನ್ನು ಒಪ್ಪಿಸುವುದು

ಸಾಕಲು ಸಾಧ್ಯವೇ ಇಲ್ಲ ಎನ್ನುವವರು ಮಗುವನ್ನು ಬೀದಿಯಲ್ಲಿ ಬಿಡುವುದು ಅಪರಾಧ. ಆದರೆ 2015ರ ಬಾಲ ನ್ಯಾಯ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಬಹುದು. ಮದುವೆಯಾಗದ ತಾಯಿ ಒಬ್ಬಳೇ ಒಪ್ಪಿಸಬಹುದು. ಮನಸ್ಸು ಬದಲಾಯಿಸಿ ಮಗುವನ್ನು ವಾಪಸ್ ಪಡೆಯಲು ಎರಡು ತಿಂಗಳ ಅವಕಾಶ ಇದೆ. ಮಧ್ಯವರ್ತಿಗೆ ಹಣ ಕೊಟ್ಟು ಮಗು ಸಾಗಿಸುವುದು ಜೈಲಿಗೆ ದಾರಿ. ಮಾಹಿತಿಗೆ ಮಕ್ಕಳ ಸಹಾಯವಾಣಿ 1098.

ದೀನಿನ ಪ್ರಶ್ನೆ

ಗರ್ಭಪಾತದ ಬಗ್ಗೆ ಉಲಮಾಗಳಲ್ಲಿ, ಶಾಫಿ ಮದ್‌ಹಬ್‌ನೊಳಗೂ, ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ. 120 ದಿನದ ನಂತರ ತಾಯಿಯ ಪ್ರಾಣಾಪಾಯದಂಥ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಅನುಮತಿ ಇಲ್ಲ ಎನ್ನುವುದು ಸಾಮಾನ್ಯ ನಿಲುವು. ಅದಕ್ಕಿಂತ ಮುಂಚಿನ ದಿನಗಳ ವಿಷಯದಲ್ಲೇ ಭಿನ್ನಾಭಿಪ್ರಾಯ. ಈ 120 ದಿನ ಗರ್ಭ ನಿಂತ ದಿನದಿಂದ. ಡಾಕ್ಟರ ಲೆಕ್ಕದಲ್ಲಿ ಅದು ಸುಮಾರು 19 ವಾರ ಆಗ್ತದೆ. ಉಸ್ತಾದರನ್ನು ಕೇಳುವವರು ಸ್ಕ್ಯಾನಿಂಗ್ ರಿಪೋರ್ಟ್ ಇಟ್ಟುಕೊಂಡು ಕೇಳಿದರೆ ಗೊಂದಲ ಇರುವುದಿಲ್ಲ.

ಮನೆಯವರು ಮಾಡಬೇಕಾದದ್ದು

ನಿರ್ಧಾರ ಯಾವುದೇ ಇರಲಿ, ಆ ಹೆಣ್ಣುಮಗಳು ಒಂಟಿಯಾಗಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟಷ್ಟೂ ವಾರಗಳು ಕಳೆಯುತ್ತವೆ, ಸುರಕ್ಷಿತ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಮನಸ್ಸಿಗೆ ತೀರಾ ಭಾರವಾದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. ಹಿಂಸೆ, ಒತ್ತಾಯ ಇದ್ದರೆ ಮಹಿಳಾ ಸಹಾಯವಾಣಿ 181. ಗೋವಾದಲ್ಲಿ ಭಾಷೆ ಬಾರದಿದ್ದರೆ ಕನ್ನಡ, ಹಿಂದಿ ಎರಡೂ ಬಲ್ಲ ನಂಬಿಕಸ್ಥ ಹೆಂಗಸೊಬ್ಬರನ್ನು ಜೊತೆಗೆ ಕಳಿಸಬೇಕು. ಡಾಕ್ಟರು ಹೇಳಿದ್ದು ಅವಳಿಗೆ ಸರಿಯಾಗಿ ಅರ್ಥವಾದ ಮೇಲೆಯೇ ಸಹಿ ಹಾಕಬೇಕು.