ಗುಬ್ಬಿ ಹೆಸರಿನ ಗನ್‌ಬೋಟ್, 38 ನಿಮಿಷದ ಯುದ್ಧ

ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅನ್ನುವ ಮಾತು ನಮಗೆಲ್ಲ ಗೊತ್ತು. ಈ ಸಲ ನಾವು ಹೇಳುತ್ತಿರುವುದು ಗುಬ್ಬಿಯೇ ಅಸ್ತ್ರ ಬಿಟ್ಟ ಕಥೆ.

ಬ್ರಿಟಿಷ್ ನೌಕಾಪಡೆಯಲ್ಲಿ 'ಸ್ಪ್ಯಾರೋ' ಎಂಬ ಸಣ್ಣ ಹಡಗಿತ್ತು. ಸ್ಪ್ಯಾರೋ ಅಂದರೆ ಗುಬ್ಬಿಯೇ. 1889ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ ಊರಲ್ಲಿ ನೀರಿಗಿಳಿಯಿತು. 805 ಟನ್ನಿನ ಹಡಗು, 165 ಅಡಿ ಉದ್ದ. ಲೋಹದ ಚೌಕಟ್ಟಿಗೆ ಮರದ ಹಲಗೆ ಹೊದಿಸಿದ್ದರು. ಉಗಿ ಎಂಜಿನ್ ಜೊತೆಗೆ ಹಾಯಿಯೂ ಇತ್ತು. ನಾಲ್ಕು ಇಂಚು ಬಾಯಿಯ ಆರು ಫಿರಂಗಿಗಳಿದ್ದವು.

ಇಂಥವಕ್ಕೆ ಗನ್‌ಬೋಟ್ ಎನ್ನುತ್ತಿದ್ದರು. ದೊಡ್ಡ ಯುದ್ಧನೌಕೆಗಳ ಎದುರು ಇವು ನಿಲ್ಲುವಂಥವಲ್ಲ. ದೂರದ ದೇಶದ ಬಂದರಿನಲ್ಲಿ ಲಂಗರು ಹಾಕಿ, ಅಲ್ಲಿನ ದೊರೆಯನ್ನು ಹೆದರಿಸುವುದೇ ಇವುಗಳ ಕೆಲಸ.

ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪ 1890ರಿಂದ ಬ್ರಿಟಿಷರ ರಕ್ಷಣೆಯಲ್ಲಿತ್ತು. 1896ರ ಆಗಸ್ಟ್ 25ರಂದು ಅಲ್ಲಿನ ಸುಲ್ತಾನ ತೀರಿಕೊಂಡ. ಬ್ರಿಟಿಷರನ್ನು ಕೇಳದೆ ಖಾಲಿದ್ ಬಿನ್ ಬರ್ಘಶ್ ಅರಮನೆ ಸೇರಿ ತಾನೇ ಸುಲ್ತಾನ ಎಂದ. 27ರ ಬೆಳಗ್ಗೆ 9 ಗಂಟೆಯೊಳಗೆ ಬಾವುಟ ಇಳಿಸಿ ಹೊರಬರಬೇಕೆಂದು ಅವರು ಗಡುವು ಕೊಟ್ಟರು. ಆತ ಬರಲಿಲ್ಲ.

9 ಗಂಟೆ 2 ನಿಮಿಷಕ್ಕೆ ಸ್ಪ್ಯಾರೋ, ಥ್ರಶ್, ರಕೂನ್ ಎಂಬ ಮೂರು ಹಡಗುಗಳು ಗುಂಡು ಹಾರಿಸಿದವು. ಅರಮನೆಯಲ್ಲಿ ಮರದ ಕೆಲಸವೇ ಹೆಚ್ಚು, ಬೇಗ ಬೆಂಕಿ ಹತ್ತಿಕೊಂಡಿತು. ಒಳಗೆ ಸೈನಿಕರಷ್ಟೇ ಅಲ್ಲ, ಆಳುಗಳೂ ಗುಲಾಮರೂ ಇದ್ದರು. ಸುಮಾರು 38 ನಿಮಿಷಕ್ಕೆ ಎಲ್ಲ ಮುಗಿಯಿತು. ಇತಿಹಾಸದ ಅತಿ ಚಿಕ್ಕ ಯುದ್ಧ ಎಂದು ಇದನ್ನು ಇಂದಿಗೂ ಕ್ವಿಜ್‌ನಲ್ಲಿ ಕೇಳುತ್ತಾರೆ.

ಸುಲ್ತಾನನ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 500 ಜನ. ಬ್ರಿಟಿಷರ ಕಡೆ ಗಾಯಗೊಂಡಿದ್ದು ಒಬ್ಬ ನಾವಿಕ. ಗಲಾಟೆಯಲ್ಲಿ ಭಾರತೀಯರ ಕೇರಿ ಲೂಟಿಯಾಗಿ ಸುಮಾರು 20 ಜನ ಸತ್ತರು. ಅದನ್ನು ತಹಬಂದಿಗೆ ತರಲು ಮೊಂಬಾಸಾದಿಂದ 150 ಸಿಖ್ ಸೈನಿಕರನ್ನು ಕರೆಸಿದರು. ಖಾಲಿದ್ ಮಾತ್ರ ಜರ್ಮನ್ ಕಾನ್ಸುಲ್ ಕಚೇರಿ ಹೊಕ್ಕು ಉಳಿದುಕೊಂಡ.

ಮರುವರ್ಷ ಜಾಂಜಿಬಾರಿನಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ರದ್ದಾಯಿತು. ಅರಮನೆಯಲ್ಲಿ ಸುಟ್ಟುಹೋದ ಗುಲಾಮರಿಗೆ ಆ ಬಿಡುಗಡೆ ಸಿಗಲಿಲ್ಲ.

ಸ್ಪ್ಯಾರೋ ಕಥೆ ಅಲ್ಲಿಗೆ ನಿಲ್ಲಲಿಲ್ಲ. ನ್ಯೂಜಿಲೆಂಡ್ ಸರ್ಕಾರ ಅದನ್ನು ಕೊಂಡು 1906ರಿಂದ ತರಬೇತಿ ಹಡಗು ಮಾಡಿಕೊಂಡಿತು. ಹೊಸ ಹೆಸರು 'ಅಮೊಕುರಾ'. ಮಾವೋರಿ ಭಾಷೆಯಲ್ಲಿ ಅದು ಕೆಂಪು ಬಾಲದ ಕಡಲ ಹಕ್ಕಿ. 1921ರವರೆಗೆ 500ಕ್ಕೂ ಹೆಚ್ಚು ಹುಡುಗರು ಅದರಲ್ಲಿ ನಾವಿಕರ ಕೆಲಸ ಕಲಿತರು. ಆಮೇಲೆ ಅದು ಕಲ್ಲಿದ್ದಲು ತುಂಬಿಡುವ ಗೋದಾಮಾಯಿತು.

ಆ ಬೆಳಗ್ಗೆ ಮೆಷಿನ್‌ಗನ್ನಿನಿಂದ 4,100 ಗುಂಡು ಹಾರಿಸಿದ್ದಕ್ಕೆ ಲೆಕ್ಕ ಬರೆದಿಟ್ಟಿದ್ದಾರೆ. ಸತ್ತವರಿಗೆ ಮಾತ್ರ 'ಸುಮಾರು' ಅನ್ನುವ ಲೆಕ್ಕ. ಮುಂದೆ ಎಲ್ಲಾದರೂ ಈ 38 ನಿಮಿಷದ ಯುದ್ಧದ ಪ್ರಶ್ನೆ ಕಿವಿಗೆ ಬಿದ್ದರೆ, ಆ 'ಸುಮಾರು' ನೆನಪಾಗಲಿ ಅಂತ ಇಷ್ಟು ಬರೆದೆವು.