ಸವಳು ನೀರಿನ ಸೀಮೆಯಲ್ಲಿ ಚಹಾ

ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಚಹಾ ಹಳೆಯ ಪೇಯವೇನಲ್ಲ. ಅಂಬಲಿ, ಮಜ್ಜಿಗೆ, ನೆಗಡಿ ಬಂದಾಗ ಶುಂಠಿ-ಕೊತ್ತಂಬರಿ ಬೀಜದ ಕಷಾಯ, ಇವು ಮೊದಲಿನಿಂದ ಇದ್ದವು. ಚಹಾ ಯಾವ ದಿಕ್ಕಿನಿಂದ ಬಂತು ಎಂಬುದನ್ನು ಅದರ ಹೆಸರೇ ಹೇಳುತ್ತದೆ. ಮೈಸೂರು ಕಡೆಯವರು ‘ಟೀ’ ಎನ್ನುವುದಕ್ಕೆ ಇಲ್ಲಿ ಮರಾಠಿಯ ಹಾಗೆ ‘ಚಹಾ’, ಮಾತಿನಲ್ಲಿ ಬರೀ ‘ಚಾ’. ಎರಡೂ ಹೆಸರುಗಳ ಮೂಲ ಚೀನವೇ. ಒಂದು ‘ಚಾ’ ಎಂಬ ಉಚ್ಚಾರದಿಂದ ಬಂದರೆ ಇನ್ನೊಂದು ಫುಜಿಯಾನ್ ಕರಾವಳಿಯ ‘ತೆ’ ಎಂಬುದರಿಂದ ಬಂದಿದೆ. ಈ ಸೀಮೆ ಸೇರಿದ್ದ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದು ಮರಾಠಿಯ ಈ ನಂಟಿಗೆ ಹಿನ್ನೆಲೆ. ರೋಣ, ನರಗುಂದಗಳು ಅದರ ತಾಲೂಕುಗಳಾಗಿದ್ದು, 1997ರಲ್ಲಿ ಗದಗ ಜಿಲ್ಲೆಗೆ ಸೇರಿದವು.

1876–78ರ ಬರದ ನಂತರ ಈ ಭಾಗಕ್ಕೆ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಕಿದ ಗದಗ–ಹೋಟಗಿ ಮಾರ್ಗ ರೋಣ ತಾಲೂಕಿನ ಹೊಳೆಆಲೂರಿನ ಮೇಲೆ ಹಾಯ್ದಿತು. ನರಗುಂದಕ್ಕೂ ಗಜೇಂದ್ರಗಡಕ್ಕೂ ಇಂದಿಗೂ ರೈಲಿಲ್ಲ. ಚಹಾವನ್ನು ಭಾರತೀಯರಿಗೆ ರೂಢಿ ಮಾಡಿಸುವ ಪ್ರಯತ್ನಕ್ಕೂ ರೈಲಿಗೂ ಹತ್ತಿರದ ನಂಟಿದೆ. ಅಸ್ಸಾಮಿನ ತೋಟಗಳ ಬೆಳೆ ಬಹುಕಾಲ ಹೊರದೇಶಕ್ಕೇ ಹೋಗುತ್ತಿತ್ತು. 1903ರಲ್ಲಿ ರಫ್ತಿನ ಮೇಲೆ ಸೆಸ್ ವಿಧಿಸಿ, ಆ ಹಣದಲ್ಲಿ ಪ್ರಚಾರ ಶುರುವಾಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೊರಗಿನ ಬೇಡಿಕೆ ಬಿದ್ದಾಗ ಅದಕ್ಕೆ ಇನ್ನಷ್ಟು ಬಿರುಸು ಬಂತು. ಸ್ಟೇಷನ್ನುಗಳಲ್ಲಿ ಎನಾಮಲ್ ಫಲಕ, ಸಂತೆಗಳಲ್ಲಿ ಪುಕ್ಕಟೆ ಕಪ್ಪು, ಮಾಡುವ ಬಗೆಯ ಪ್ರಾತ್ಯಕ್ಷಿಕೆ. ಚಹಾ ಕುಡಿದರೆ ಚುರುಕು, ಶಕ್ತಿ, ಆರೋಗ್ಯ ಎಂಬ ಮಾತು ಹಳ್ಳಿಯ ಕಿವಿಗೆ ಬಿದ್ದದ್ದು ವೈದ್ಯರಿಗಿಂತ ಹೆಚ್ಚಾಗಿ ಮಾರುವವರಿಂದ. ಅದೇ ದಶಕದ ಆರಂಭದಲ್ಲಿ ಅಸ್ಸಾಮಿನ ಆಮ್ಗುರಿ ತೋಟದಲ್ಲಿ ಎಲೆಯನ್ನು ಕತ್ತರಿಸಿ, ಹರಿದು, ಸುರುಳಿ ಮಾಡುವ ಸಿಟಿಸಿ ಯಂತ್ರ ಬಂತು. ಕಡಿಮೆ ಪುಡಿಯಲ್ಲಿ ಹೆಚ್ಚು ಬಣ್ಣ ಬಿಡುವ ಚಹಾ ಅಗ್ಗವಾಯಿತು. ಇಂದು ಇಲ್ಲಿಯ ಚಾದಂಗಡಿಗಳಲ್ಲಿ ಕುದಿಯುವುದು ಹೆಚ್ಚಾಗಿ ಅದೇ ಪುಡಿ.

ಈ ಪ್ರಚಾರವನ್ನು ಗಾಂಧೀಜಿ ಒಪ್ಪಲಿಲ್ಲ. 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಿಕೆಯಲ್ಲಿ ಅವರು ಚಹಾದ ಟ್ಯಾನಿನ್ ಹೊಟ್ಟೆಗೆ ಕೆಡುಕೆಂದರು. ಅಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ನೆನೆಸುವವರು ಕಡಿಮೆ. ಚೀನದಲ್ಲಿ ನೀರು ನಂಬಿಕೆಗೆ ಯೋಗ್ಯವಾಗಿರಲಿಲ್ಲ; ನೀರು ಚೆನ್ನಾಗಿ ಕುದಿಯದೆ ಎಲೆ ಬಣ್ಣ ಬಿಡುವುದಿಲ್ಲ; ಆದ್ದರಿಂದ ಚಹಾದ ಬಣ್ಣವೇ ನೀರು ಕುದಿದಿದೆ ಎಂಬುದಕ್ಕೆ ಗುರುತಾಯಿತು ಎಂಬ ವಿವರಣೆ ಅದು. ರೋಣ ಸೀಮೆಯ ಮಟ್ಟಿಗೆ ಚಹಾದ ಗುಣ-ದೋಷಗಳನ್ನು ಮೊದಲು ಈ ಮಾತಿನಿಂದಲೇ ಅಳೆಯಬೇಕು. ಇಲ್ಲಿ ಎಲೆಗಿಂತ ನೀರು ದೊಡ್ಡದು.

ಯರೆಭೂಮಿಯ ಬಾವಿಗಳ ನೀರು ಹಲವೆಡೆ ಸವಳು. ಸೂಡಿಯ ನಾಗಕುಂಡ, ನರಗುಂದ ಗುಡ್ಡದ ಮೇಲಿನ ಹೊಂಡ, ಗಜೇಂದ್ರಗಡದ ಕಾಲಕಾಲೇಶ್ವರದಲ್ಲಿ ಮರದ ಬೇರಿನಡಿಯಿಂದ ಜಿನುಗುವ ಅಂತರಗಂಗೆ, ಇಂಥ ಜಲಗಳಿಗೆ ಜನ ಕೊಟ್ಟ ಗೌರವದ ಹಿಂದೆ ಸಿಹಿನೀರಿನ ಬರ ಇದೆ. ಕೆರೆ, ಮೆಟ್ಟಿಲು ಬಾವಿಗಳ ತೆರೆದ ನೀರಿನಿಂದ ವಾಂತಿಭೇದಿಯೂ ನಾರುಹುಣ್ಣೂ ಹರಡುತ್ತಿದ್ದವು. ಉತ್ತರ ಕರ್ನಾಟಕವನ್ನು ಬಹುಕಾಲ ಕಾಡಿದ ನಾರುಹುಣ್ಣು ಭಾರತದಿಂದ ನಿರ್ಮೂಲವಾಯಿತೆಂದು ಪ್ರಮಾಣವಾದದ್ದು 2000ದಲ್ಲಿ. ಕಾಲರಾದ ರೋಗಾಣುವೂ ನಾರುಹುಣ್ಣಿನ ಮರಿಯನ್ನು ಹೊತ್ತ ನೀರಿನ ಸೂಕ್ಷ್ಮಜೀವಿಯೂ ಕುದಿಯುವ ನೀರಿನಲ್ಲಿ ಸಾಯುತ್ತವೆ. ತಣ್ಣೀರಿನ ಬದಲು ಕುಡಿದ ಒಂದು ಕಪ್ಪು ಚಹಾ ಅಷ್ಟರಮಟ್ಟಿಗೆ ಕಾವಲು ನಿಂತಿತು. ಯಾವ ಜಾಹೀರಾತೂ ಹೇಳದ ಪ್ರಯೋಜನವಿದು.

ಕೊಳವೆಬಾವಿ ಬಂದ ಮೇಲೆ ಲೆಕ್ಕ ತಿರುಗಿತು. ಗದಗ ಜಿಲ್ಲೆಯ ಮುಂಡರಗಿ, ರೋಣ, ಗಜೇಂದ್ರಗಡ ಭಾಗಗಳ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ಮಾನಕದ ಅಪೇಕ್ಷಿತ ಮಿತಿ 1 ಮಿಲಿಗ್ರಾಂ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಅದರ ಮೇಲೆ ಚಹಾ ಗಿಡವೇ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ, ಎಳೆಯ ಕುಡಿಗಿಂತ ಬಲಿತ ಎಲೆಯಲ್ಲಿ ಬಹಳ ಹೆಚ್ಚು. ಟಿಬೆಟ್, ಒಳ ಮಂಗೋಲಿಯಾಗಳಲ್ಲಿ ಬಲಿತ ಎಲೆಯ ಇಟ್ಟಿಗೆ ಚಹಾದಿಂದಲೇ ಮೂಳೆರೋಗ ಬಂದದ್ದು ದಾಖಲಾಗಿದೆ. ಹಾಲಿನ ಕ್ಯಾಲ್ಸಿಯಂ ಫ್ಲೋರೈಡ್ ಹೀರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆಯಾದರೂ ಅದನ್ನೇ ನಂಬಿ ಕೂಡ್ರುವಂತಿಲ್ಲ. ಶುದ್ಧ ನೀರಿನ ಘಟಕದಿಂದ ತಂದ ಕೊಡವನ್ನು ಕುಡಿಯಲು ಮೀಸಲಿಟ್ಟು, ಚಹಾಕ್ಕೆ ‘ಹೆಂಗೂ ಕುದಿಸ್ತೀವಲ್ಲ’ ಎಂದು ಬೋರಿನ ನೀರು ಹಾಕುವ ಮನೆಯಲ್ಲಿ ತಪ್ಪು ನಡೆಯುವುದು ಇಲ್ಲಿಯೇ.

ಇನ್ನು ಎಲೆಯ ಗುಣ. ಒಂದು ಕಪ್ಪಿನಲ್ಲಿ ಸುಮಾರು 30–65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಣಿವಿನ ಸೂಚನೆ ಕೊಡುವ ಅಡಿನೋಸಿನ್ ಎಂಬ ವಸ್ತು ಮಿದುಳಿನಲ್ಲಿ ಕೂಡ್ರುವ ಜಾಗವನ್ನು ಕೆಫೀನ್ ಆಕ್ರಮಿಸುವುದರಿಂದ ಎಚ್ಚರ ಬರುತ್ತದೆ. ಚಾ ತಪ್ಪಿದ ಮುಂಜಾನೆ ತಲೆ ಹಿಡಿಯುವುದಕ್ಕೂ ಇದೇ ಕಾರಣ. ಚಹಾದಲ್ಲಿರುವ ಥಿಯನೈನ್ ಆ ಎಚ್ಚರವನ್ನು ಹದಗೊಳಿಸುತ್ತದೆ ಎನ್ನಲು ಕೆಲವು ಪ್ರಯೋಗಗಳ ಬೆಂಬಲವಿದೆ. ಬ್ರಿಟನ್ನಿನ ಸುಮಾರು 5 ಲಕ್ಷ ಜನರನ್ನು ಒಂದು ದಶಕಕ್ಕೂ ಮೇಲ್ಪಟ್ಟು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ಪು ಕುಡಿಯುವವರಲ್ಲಿ ಸಾವಿನ ಅಪಾಯ ಶೇ. 9ರಿಂದ 13ರಷ್ಟು ಕಡಿಮೆ ಕಂಡಿತು, ಅದೂ ಹೆಚ್ಚಿನವರು ಹಾಲು ಹಾಕಿಕೊಳ್ಳುವವರೇ ಆಗಿದ್ದಾಗ. ಇದು ಗಮನಿಸಿ ಕಂಡದ್ದು. ಚಹಾದಿಂದಲೇ ಹಾಗಾಯಿತು ಎಂಬುದಕ್ಕೆ ರುಜುವಾತಲ್ಲ. ಬ್ರಿಟನ್ನಿನ ನೀರು, ಊಟ ಬೇರೆ ಎಂಬುದನ್ನೂ ಮರೆಯಬಾರದು.

ಊಟದ ಮಾತು ಇಲ್ಲಿ ಮುಖ್ಯ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುನ್ನ ರಾತ್ರಿಯ ಜೋಳದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವುದು ಈ ಸೀಮೆಯ ಮನೆಗಳಲ್ಲಿ ಹೊಸತಲ್ಲ. ಜೋಳದಲ್ಲಿ ಕಬ್ಬಿಣವಿದೆ, ಆದರೆ ಧಾನ್ಯದ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಡಿಮೆ. ಚಹಾದ ಟ್ಯಾನಿನ್ ಅದನ್ನು ಕಟ್ಟಿಹಾಕಿ ಇನ್ನಷ್ಟು ತಗ್ಗಿಸುತ್ತದೆ. ಊಟಕ್ಕೆ ಒಂದು ತಾಸು ಮೊದಲು ಮತ್ತು ಒಂದು ತಾಸು ನಂತರ ಚಹಾ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿತು. ರಕ್ತ ಕಡಿಮೆ ಇರುವ ಹೆಂಗಸರಿಗೆ, ಬಸುರಿಯರಿಗೆ ಈ ಮಾತು ಹೆಚ್ಚು ತಟ್ಟಬೇಕು. ಅದೇ ರೊಟ್ಟಿಗೆ ಪುಂಡಿಪಲ್ಯ, ಹಿಂಡಿದ ಲಿಂಬೆ ಜೊತೆಯಾದರೆ ಹುಳಿಯ ಬಲದಿಂದ ಕಬ್ಬಿಣ ಹೆಚ್ಚು ಹತ್ತುತ್ತದೆ.

ಸಕ್ಕರೆಯ ಲೆಕ್ಕ ಸರಳ. ಕಪ್ಪಿಗೆ ಎರಡು ಚಮಚದಂತೆ ಸುಮಾರು 10 ಗ್ರಾಂ ಆದರೆ, ದಿನಕ್ಕೆ ಐದು ಚಹಾ ಎಂದರೆ 50 ಗ್ರಾಂ. ದಿನಕ್ಕೆ 25 ಗ್ರಾಮಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲದ ಚಹಾ ರುಚಿಯಲ್ಲಿ ಬೇರೆ, ಈ ಲೆಕ್ಕದಲ್ಲಿ ಬೇರೆಯಲ್ಲ.

ಕೊನೆಯದು ಬಿಸಿ. 65 ಡಿಗ್ರಿ ಸೆಲ್ಸಿಯಸ್ ಮೀರಿದ ಯಾವುದೇ ಪೇಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದೆಂದು 2016ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿತು. ದೋಷ ಚಹಾದ್ದಲ್ಲ, ಕಾವಿನದ್ದು. ಈ ಭಾಗದ ಹಿರಿಯರು ಕಪ್ಪಿನ ಚಹಾವನ್ನು ಬಶಿಗೆ ಸುರುವಿ, ಅಂಚಿಗೆ ತುಟಿ ಹಚ್ಚಿ ಊದಿ ಸೊರ್ರನೆ ಎಳೆಯುತ್ತಿದ್ದರು. ಅಗಲವಾದ ಬಶಿಯಲ್ಲಿ ತೆಳ್ಳಗೆ ಹರಡಿದ ಚಹಾ ಬೇಗ ಆರುತ್ತದೆ. ಸಭ್ಯರಿಗೆ ಸದ್ದು ಹಿಡಿಸದಿದ್ದರೂ ಗಂಟಲಿಗೆ ಅದು ಒಳ್ಳೆಯದೇ ಆಗಿತ್ತು. ಕಾಗದದ ಲೋಟ ಬಂದ ಅಂಗಡಿಗಳಲ್ಲಿ ಬಶಿ ಉಳಿದಿಲ್ಲ.