ಗಡೀಪಾರಾದ ಸಂಪಾದಕ



ಕಾಸರಗೋಡಿನಿಂದ ತೆಂಕಣ ರೈಲು ಹತ್ತಿ ಕಣ್ಣೂರಿಗೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿಯ ಪಯ್ಯಾಂಬಲಂ ಕಡಲತೀರವನ್ನೂ ನೋಡಿರಬಹುದು. ಎ. ಕೆ. ಗೋಪಾಲನ್, ನಾಯನಾರ್ ಮೊದಲಾದ ದೊಡ್ಡ ರಾಜಕಾರಣಿಗಳ ಸ್ಮಾರಕಗಳು ಅಲ್ಲಿವೆ. ಅವರ ಸಾಲಿನಲ್ಲೇ ಒಬ್ಬ ಪತ್ರಿಕಾ ಸಂಪಾದಕರ ಸ್ಮಾರಕವೂ ಇದೆ. ಅವರು ಕಣ್ಣೂರಿನವರಲ್ಲ, ಮಲಬಾರಿನವರೂ ಅಲ್ಲ. ತಿರುವನಂತಪುರಕ್ಕಿಂತಲೂ ದಕ್ಷಿಣದ ನೆಯ್ಯಾಟಿಂಕರದವರು. ಅಷ್ಟು ದೂರದವರ ಚಿತೆ ಇಲ್ಲಿ ಏಕೆ ಉರಿಯಿತು ಎಂಬುದನ್ನು ಇಂದು ನಿಮಗೆ ತಿಳಿಸಬೇಕೆಂದಿದ್ದೇನೆ.

ಅವರ ಹೆಸರು ಕೆ. ರಾಮಕೃಷ್ಣ ಪಿಳ್ಳೆ. ಮಲಯಾಳಿಗಳು 'ಸ್ವದೇಶಾಭಿಮಾನಿ' ಎಂಬ ಪತ್ರಿಕೆಯ ಹೆಸರನ್ನು ಅವರ ಹೆಸರಿನ ಹಿಂದೆ ಸೇರಿಸಿಯೇ ಹೇಳುತ್ತಾರೆ. ನಮ್ಮ ಮಂಗಳೂರಿನಲ್ಲೂ ಅದೇ ಹೆಸರಿನ ಕನ್ನಡ ವಾರಪತ್ರಿಕೆಯೊಂದಿತ್ತು. ಅದು ಬೇರೆ, ಇದು ಬೇರೆ. ಪಿಳ್ಳೆಯವರು ಹುಟ್ಟಿದ್ದು 1878ರ ಮೇ 25ರಂದು. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಪತ್ರಿಕೆಯ ಹುಚ್ಚು ಹಿಡಿಯಿತು. 'ಕೇರಳ ದರ್ಪಣಂ', 'ಕೇರಳ ಪಂಚಿಕ', 'ಮಲಯಾಳಿ', 'ಕೇರಳನ್' ಹೀಗೆ ಒಂದಾದ ಮೇಲೊಂದು ಪತ್ರಿಕೆ ನಡೆಸಿದರು. ಎಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ.

'ಸ್ವದೇಶಾಭಿಮಾನಿ'ಯನ್ನು ಸ್ಥಾಪಿಸಿದವರು ಅವರಲ್ಲ. ವಕ್ಕಂ ಎಂಬ ಊರಿನ ಅಬ್ದುಲ್ ಖಾದರ್ ಮೌಲವಿಯವರು 1905ರ ಜನವರಿಯಲ್ಲಿ ಅದನ್ನು ಆರಂಭಿಸಿದರು. ಕೈಯಿಂದ ಹಣ ಹಾಕಿ ಇಂಗ್ಲೆಂಡಿನಿಂದ ಮುದ್ರಣಯಂತ್ರ ತರಿಸಿದರು. ಅದನ್ನು ಮೊದಲು ಹೂಡಿದ್ದು ಅಂಜುತೆಂಗು ಎಂಬಲ್ಲಿ. ತಿರುವಾಂಕೂರಿನ ನೆಲದ ನಡುವೆ ಬ್ರಿಟಿಷರ ವಶದಲ್ಲಿದ್ದ ಒಂದು ಚೂರು ಜಾಗ ಅದು. ಒಂದು ಹೆಜ್ಜೆ ಇತ್ತ ಇಟ್ಟರೆ ಒಬ್ಬರ ಕಾಯಿದೆ, ಅತ್ತ ಇಟ್ಟರೆ ಇನ್ನೊಬ್ಬರ ಕಾಯಿದೆ ಎಂಬುದನ್ನು ಗಡಿಯಲ್ಲಿ ಬಾಳುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1906ರಲ್ಲಿ ಮೌಲವಿಯವರು ಪಿಳ್ಳೆಯವರನ್ನು ಸಂಪಾದಕರನ್ನಾಗಿ ಕರೆತಂದರು. ಮರುವರ್ಷ ಪತ್ರಿಕೆ ರಾಜಧಾನಿಯಾದ ತಿರುವನಂತಪುರಕ್ಕೇ ಬಂತು. ಅಂದರೆ ಬ್ರಿಟಿಷ್ ನೆಲದ ಆಸರೆಯನ್ನು ಬಿಟ್ಟು, ಯಾರನ್ನು ಟೀಕಿಸಬೇಕೋ ಅವರ ಮನೆಯ ಎದುರಿಗೇ ಬಂದು ಕುಳಿತರು. ಮಾಲೀಕ ಮುಸಲ್ಮಾನ ವಿದ್ವಾಂಸ, ಸಂಪಾದಕ ನಾಯರ್ ತರುಣ. ಏನು ಬರೆಯಬೇಕು, ಏನು ಬರೆಯಬಾರದು ಎಂದು ಮೌಲವಿಯವರು ಕೈ ಹಾಕಲಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದ ನಾನು ಹೇಳುವುದಾದರೆ, ಇಂಥ ವ್ಯವಹಾರಕ್ಕೆ ಯಾವ ಮ್ಯಾನೇಜರರೂ ಸಾಲ ಮಂಜೂರು ಮಾಡುವುದಿಲ್ಲ!

ಆಗ ಶ್ರೀಮೂಲಂ ತಿರುನಾಳ್ ಮಹಾರಾಜರ ಆಳ್ವಿಕೆ. 1907ರಿಂದ ದಿವಾನರಾಗಿದ್ದವರು ಪಿ. ರಾಜಗೋಪಾಲಾಚಾರಿ. ಅರಮನೆಯ ಮೆಚ್ಚಿನವರ ಕಾರುಬಾರು, ಅಧಿಕಾರಿಗಳ ಲಂಚ, ದಿವಾನರ ಆಡಳಿತ, ಕೊನೆಗೆ ಅವರ ಖಾಸಗಿ ನಡತೆಯನ್ನೂ ಪಿಳ್ಳೆಯವರು ಬಿಡದೆ ಬರೆದರು. ಆಳುವವರು ಪ್ರಜೆಗಳಿಗೆ ಉತ್ತರ ಕೊಡಬೇಕು ಎಂಬುದು ಅವರ ವಾದ. ಅವರ ಮಾತು ಕೆಲವೊಮ್ಮೆ ಮಿತಿ ಮೀರಿದ ಕಟುವಾಗಿತ್ತು ಎಂದರೆ ತಪ್ಪಲ್ಲ.

1910ರ ಸೆಪ್ಟೆಂಬರ್ 26ರಂದು ಪೊಲೀಸರು ಬಂದರು. ಪತ್ರಿಕೆ ನಿಷೇಧ, ಮುದ್ರಣಾಲಯ ಮುಟ್ಟುಗೋಲು, ಸಂಪಾದಕರು ರಾಜ್ಯದಿಂದ ಹೊರಗೆ: ಇದು ರಾಜಾಜ್ಞೆ. ನ್ಯಾಯಾಲಯದಲ್ಲಿ ವಿಚಾರಣೆಯೇ ಆಗಲಿಲ್ಲ. ಪೂರ್ವದ ಗಡಿಯಾದ ಆರಲ್ವಾಯ್‌ಮೊಳಿಯವರೆಗೆ ಕರೆದೊಯ್ದು ಆಚೆಯ ತಿರುನೆಲ್ವೇಲಿ ಸೀಮೆಗೆ ದಾಟಿಸಿಬಿಟ್ಟರು. ಈ ಆರಲ್ವಾಯ್‌ಮೊಳಿ ಈಗ ಕೇರಳದಲ್ಲಿಲ್ಲ. 1956ರ ನವೆಂಬರ್ 1ರಂದು ಅದು ಮದ್ರಾಸು ರಾಜ್ಯಕ್ಕೆ ಹೋಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು.

ಇಂಥದ್ದೆಲ್ಲ ತಿರುವಾಂಕೂರಿನಲ್ಲಿ ಮಾತ್ರ ನಡೆಯಿತೆಂದು ತಿಳಿಯಬೇಡಿ. ಅಲ್ಲಿ 1904ರಿಂದ 1906ರವರೆಗೆ ದಿವಾನರಾಗಿದ್ದ ವಿ. ಪಿ. ಮಾಧವರಾಯರು ಬಳಿಕ ಮೈಸೂರಿಗೆ ದಿವಾನರಾಗಿ ಬಂದರು. ಅವರ ಕಾಲದಲ್ಲೇ, 1908ರಲ್ಲಿ, ಮೈಸೂರಿನ ವೃತ್ತಪತ್ರಿಕಾ ಕಾಯಿದೆ ಹುಟ್ಟಿತು. ಸರಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿರಲಿಲ್ಲ. ತಾತಯ್ಯನೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿದವರಲ್ಲಿ ಮುಖ್ಯರು. ಬೇರೆ ವಿಷಯಗಳಲ್ಲಿ ಪ್ರಗತಿಯ ಹೆಸರು ಪಡೆದ ಸಂಸ್ಥಾನಗಳೂ ಟೀಕೆಯನ್ನು ಮಾತ್ರ ತಾಳಿಕೊಳ್ಳುತ್ತಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ತಟ್ಟಿ ಏಳಬಹುದು. ಆದರೆ ಅರ್ಧ ಲೆಕ್ಕ ಉಳಿಯುತ್ತದೆ. ಗಡೀಪಾರಾದ ಅದೇ 1910ರಲ್ಲಿ, ಕೆಲವು ತಿಂಗಳ ಹಿಂದೆ, ಪುಲಯ ಮಕ್ಕಳನ್ನು ಸರಕಾರಿ ಶಾಲೆಗಳಿಗೆ ಸೇರಿಸುವ ಪ್ರಶ್ನೆ ಎದ್ದಿತ್ತು. ಅಯ್ಯಂಕಾಳಿ ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ದಿವಾನರ ಸರಕಾರ ಸೇರಿಸಲು ಮುಂದಾಯಿತು. ಆಗ ಪಿಳ್ಳೆಯವರು ಇದನ್ನು ವಿರೋಧಿಸಿ ಬರೆದರು. ತಲೆತಲಾಂತರದಿಂದ ಬುದ್ಧಿಯನ್ನು ಬೆಳೆಸಿಕೊಂಡು ಬಂದವರ ಮಕ್ಕಳ ಜೊತೆಗೆ ಇವರನ್ನು ಕೂರಿಸುವುದು ಕುದುರೆ ಮತ್ತು ಕೋಣವನ್ನು ಒಂದೇ ನೊಗಕ್ಕೆ ಕಟ್ಟಿದಂತೆ ಎಂಬುದು ಆ ಬರಹದ ತಾತ್ಪರ್ಯ. ಪಿಳ್ಳೆಯವರ ಹುಟ್ಟೂರಿನ ಸೀಮೆಯಲ್ಲೇ ಇರುವ ಊರೂಟ್ಟಂಬಲಂನಲ್ಲಿ ಪಂಚಮಿ ಎಂಬ ಬಾಲಕಿಯನ್ನು ಅಯ್ಯಂಕಾಳಿ ಶಾಲೆಗೆ ಕರೆದೊಯ್ದಾಗ ಮೇಲ್ಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಮುಂದೆ ಅಯ್ಯಂಕಾಳಿಯವರು ಪ್ರಜಾಸಭೆಯ ಸದಸ್ಯರಾದದ್ದೂ ಇದೇ ರಾಜಗೋಪಾಲಾಚಾರಿಯವರ ಕಾಲದಲ್ಲಿ.

"ಅದು ಆ ಕಾಲದ ದೋಷ, ಅವರೊಬ್ಬರದಲ್ಲ" ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಾಸರಗೋಡು ಸೀಮೆಯ ಕುದ್ಮುಲ್ ರಂಗರಾಯರು 1892ರಲ್ಲೇ ಮಂಗಳೂರಿನಲ್ಲಿ ಇಂಥ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಜಾತಿಯವರು ಬಹಿಷ್ಕಾರ ಹಾಕಿದರೂ ಬಿಡಲಿಲ್ಲ. ಪಿಳ್ಳೆಯವರ ಲೇಖನಕ್ಕಿಂತ ಹದಿನೆಂಟು ವರ್ಷ ಹಿಂದಿನ ಮಾತು ಇದು. ಕಾಲವೇ ಅಡ್ಡಿಯಾಗಿದ್ದರೆ ರಂಗರಾಯರಿಗೂ ಆಗಬೇಕಿತ್ತಲ್ಲ? ಹಾಗೆಂದು ವಿಚಾರಣೆಯಿಲ್ಲದೆ ಅವರನ್ನು ಹೊರಹಾಕಿದ್ದು ಸರಿಯಾಯಿತೆಂದು ನಾನು ಹೇಳುವುದಿಲ್ಲ. ಆ ಲೇಖನಕ್ಕಾಗಿ ಅವರನ್ನು ಓಡಿಸಲಿಲ್ಲ. ದಿವಾನರನ್ನು ಬೈದದ್ದಕ್ಕೆ ಓಡಿಸಿದರು.

ಗಡಿಯಾಚೆ ಬಿದ್ದ ಮೇಲೆ ಮದ್ರಾಸಿನಲ್ಲಿ ಕೆಲವು ಕಾಲ ಕಷ್ಟಪಟ್ಟರು. ಲೇಖಕಿ ತರವತ್ತ್ ಅಮ್ಮಾಳು ಅಮ್ಮನವರು ಪಾಲಕ್ಕಾಡಿನಲ್ಲಿ ಆಶ್ರಯ ಕೊಟ್ಟರು. ಕೈಯಲ್ಲಿ ಪತ್ರಿಕೆ ಇರಲಿಲ್ಲ, ಆದರೆ ಬರವಣಿಗೆ ನಿಲ್ಲಲಿಲ್ಲ. ತನ್ನನ್ನು ಗಡೀಪಾರು ಮಾಡಿದ ಕಥೆಯನ್ನೇ ಪುಸ್ತಕ ಮಾಡಿದರು. 1912ರಲ್ಲಿ ಪತ್ರಿಕಾವೃತ್ತಿಯ ಬಗ್ಗೆ ಮಲಯಾಳದ ಮೊದಲ ಪುಸ್ತಕ ಬರೆದರು. ಅದೇ ವರ್ಷ ಕಾರ್ಲ್ ಮಾರ್ಕ್ಸರ ಜೀವನಚರಿತ್ರೆಯನ್ನೂ ಬರೆದರು. ರಷ್ಯದ ಕ್ರಾಂತಿಗೆ ಇನ್ನೂ ಐದು ವರ್ಷವಿತ್ತು. ದುಡಿಯುವವರ ಪಕ್ಷದ ಮಾರ್ಕ್ಸರನ್ನು ಮೆಚ್ಚಿದ ಲೇಖನಿಯೇ ಎರಡು ವರ್ಷ ಹಿಂದೆ ಪುಲಯರ ಮಕ್ಕಳ ಬಗ್ಗೆ ಹಾಗೆ ಬರೆದದ್ದು. ಈ ಎರಡನ್ನೂ ಹೊಂದಿಸಿ ನೋಡಲು ನಾನು ಬಹಳ ಪ್ರಯತ್ನಿಸಿದ್ದೇನೆ, ಹೊಂದುವುದಿಲ್ಲ.

ಅವರ ಪತ್ನಿ ಬಿ. ಕಲ್ಯಾಣಿ ಅಮ್ಮನವರು ಸ್ವತಃ ಲೇಖಕಿ. 'ಶಾರದಾ' ಎಂಬ ಮಹಿಳಾ ಪತ್ರಿಕೆಯನ್ನು ನಡೆಸಿದವರಲ್ಲಿ ಒಬ್ಬರು. ಗಂಡನ ಹಿಂದೆಯೇ ಊರು ಬಿಟ್ಟರು. ಅವರ ಉಪಾಧ್ಯಾಯಿನಿ ಕೆಲಸದ ಸಲುವಾಗಿ ಸಂಸಾರ ಕಣ್ಣೂರಿಗೆ ಬಂತು. ಆ ಹೊತ್ತಿಗೆ ಪಿಳ್ಳೆಯವರನ್ನು ಕ್ಷಯ ಹಿಡಿದಿತ್ತು. 1916ರ ಮಾರ್ಚ್ 28ರಂದು, ಮೂವತ್ತೆಂಟು ತುಂಬುವ ಮೊದಲೇ ತೀರಿಕೊಂಡರು. ಮತ್ತೆ ತಿರುವಾಂಕೂರಿನ ಮಣ್ಣನ್ನು ಮೆಟ್ಟಲಿಲ್ಲ.

ಕಲ್ಯಾಣಿ ಅಮ್ಮನವರು ಬರೆದ ನೆನಪುಗಳ ಹೆಸರು 'ವ್ಯಾಳವಟ್ಟ ಸ್ಮರಣಗಳ್'. ಮಲಯಾಳ ಬಲ್ಲ ನಿಮಗೆ ಗೊತ್ತು, ವ್ಯಾಳವೆಂದರೆ ಗುರುಗ್ರಹ. ಗುರು ರಾಶಿಚಕ್ರವನ್ನು ಒಂದು ಸುತ್ತು ಬರಲು ಹನ್ನೆರಡು ವರ್ಷ ಬೇಕು. 1904ರಿಂದ 1916ರವರೆಗೆ ಅವರ ದಾಂಪತ್ಯ ನಡೆದದ್ದೂ ಅಷ್ಟೇ.

1957ರ ಆಗಸ್ಟಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ತಿರುವನಂತಪುರದಲ್ಲಿ ಪಿಳ್ಳೆಯವರ ಪ್ರತಿಮೆಯನ್ನು ಅನಾವರಣ ಮಾಡಿದರು. ಮುದ್ರಣಯಂತ್ರ ಕಳೆದುಕೊಂಡ ಮೌಲವಿಯವರನ್ನು ನೆನೆಯುವವರು ಮೊದಲೆಲ್ಲ ಕಡಿಮೆಯಿದ್ದರು. ಅವರು ಸುಮ್ಮನೆ ಕೂರಲಿಲ್ಲ, ತಮ್ಮ ಸಮಾಜದ ಸುಧಾರಣೆಗಾಗಿ 1918ರಲ್ಲಿ 'ಅಲ್ ಇಸ್ಲಾಂ' ಎಂಬ ಇನ್ನೊಂದು ಪತ್ರಿಕೆ ಹೊರಡಿಸಿದರು. 1932ರಲ್ಲಿ ತೀರಿಕೊಂಡರು. ಮುಟ್ಟುಗೋಲಾದ ಆ ಯಂತ್ರ ಅವರ ಮನೆಯವರಿಗೆ ಮರಳಿ ಸಿಕ್ಕಿದ್ದು ಕೇರಳ ರಾಜ್ಯವಾದ ಬಳಿಕ.